ಪಕ್ಕದ ಜಾಗ

ಆ ಹಳೆಯ ಚರ್ಚಿನಲ್ಲಿ ಗಂಟೆ ಹೊಡೆಯುವುದೂ ಗುಂಡಿ ತೋಡುವುದೂ ಒಬ್ಬನದೇ ಕೆಲಸ. ಊರವರ ಬಾಯಲ್ಲಿ ಅವನು ಗುಂಡಿಯಜ್ಜ. ಸೊಂಟ ಬಿದ್ದುಹೋಗಿತ್ತು, ಏದುಸಿರು ನಿಲ್ಲುತ್ತಿರಲಿಲ್ಲ. "ಸತ್ತವರಿಗಾದ್ರೂ ಮಲಗೋಕೆ ಸಿಗುತ್ತೆ" ಎಂದು ಗೊಣಗುತ್ತಲೇ ಗುದ್ದಲಿ ಎತ್ತುತ್ತಿದ್ದ.

ಚರ್ಚಿನ ಹಿಂದಿನ ಸ್ಮಶಾನ ಎಂದೋ ತುಂಬಿತ್ತು. ಯಾರೂ ಬಂದುಹೋಗದ ಹಳೆಯ ಸಮಾಧಿಯನ್ನು ಅಗೆದು ಹೊಸಬರಿಗೆ ಜಾಗ ಮಾಡುವುದು ಅಲ್ಲಿನ ಪದ್ಧತಿ. ತಾನೇ ಮಣ್ಣು ಮುಚ್ಚಿದವರನ್ನು ತಾನೇ ಎಬ್ಬಿಸುವುದೆಂದರೆ ಅಜ್ಜನಿಗೆ ಸಂಕಟ. ಹಾಗಾಗಿ ದಿಕ್ಕಿಲ್ಲದ ಸಮಾಧಿಗಳ ಕಳೆ ಕಿತ್ತು, ಉರಿದುಳಿದ ಮೇಣದಬತ್ತಿಯ ತುಂಡು ನೆಟ್ಟು, ಯಾರೋ ಬಂದುಹೋದಂತೆ ಕಾಣುವ ಹಾಗೆ ಮಾಡುತ್ತಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹೆಂಡತಿ ಸುಮ್ಮನೆ ಬೈಯುತ್ತಿರಲಿಲ್ಲ.

ದರ್ಜಿಯ ತಾಯಿ ತೀರಿಕೊಂಡ ದಿನ, ಹೊಸದಾಗಿ ಬಂದಿದ್ದ ಫಾದರ್ ಮೊದಲ ಸಲ ಸ್ಮಶಾನ ನೋಡಲು ಬಂದರು. ಮುರಿದ ಶಿಲುಬೆ, ಮುಳ್ಳುಗಿಡ ದಾಟಿ, ಗೋಡೆಯ ಹತ್ತಿರ ಸೊಂಟದೆತ್ತರ ಹುಲ್ಲು ಬೆಳೆದ ದಿಬ್ಬದ ಮುಂದೆ ನಿಂತರು.

"ಎಲ್ಲಾ ಕಡೆ ಮೇಣ ಇದೆ. ಇದಕ್ಕೊಂದೇ ಯಾರೂ ಇಲ್ಲ ಅಂತ ಕಾಣುತ್ತೆ. ಇಲ್ಲೇ ತೋಡಿ, ಅಜ್ಜ."

ಅದು ಅಜ್ಜನ ಹೆಂಡತಿಯ ಸಮಾಧಿ. ದಿನವೂ ಇಲ್ಲೇ ಇರುತ್ತೇನಲ್ಲ, ಇವಳೆಲ್ಲಿ ಹೋಗುತ್ತಾಳೆ, ನಾಳೆ ಕಿತ್ತರಾಯಿತು ಅಂದುಕೊಂಡೇ ವರ್ಷಗಳು ಸರಿದಿದ್ದವು. ನಾಚಿಕೆಗೆ ಕಣ್ಣು ತುಂಬಿತು.

"ಇದಕ್ಕೆ ಜನ ಇದ್ದಾರೆ, ಫಾದರ್."

"ಒಂದು ದಿನವಾದ್ರೂ ಬಂದಿದ್ದಾರಾ?"

"ಆ ಜನ ನಾನೇ. ಇವಳು ನನ್ನ ಹೆಂಡತಿ. ಇಲ್ಲೇ ಇದ್ದೂ ಬರೋದು ಮರೆತೆ."

ಫಾದರ್ ತಲೆ ತಗ್ಗಿಸಿದರು. "ತಪ್ಪು ತಿಳ್ಕೋಬೇಡಿ. ಆದ್ರೆ ಮಧ್ಯಾಹ್ನಕ್ಕೆ ಮಣ್ಣು ಮಾಡಬೇಕಲ್ಲ, ಎಲ್ಲಿ?"

ಮೇಣ ನೆಟ್ಟವನು ತಾನೇ ಎಂದಿದ್ದರೆ ಇನ್ಯಾರನ್ನಾದರೂ ಎಬ್ಬಿಸಬಹುದಿತ್ತು. ಅಜ್ಜ ಗೋಡೆಯ ಕಡೆ ತಿರುಗಿದ. ದಿಬ್ಬಕ್ಕೂ ಗೋಡೆಗೂ ನಡುವೆ ಒಬ್ಬರು ಮಲಗುವಷ್ಟು ನೆಲ ಖಾಲಿಯಿತ್ತು. ಅದನ್ನೇ ತೋರಿಸಿದ.

"ಅಲ್ಲಿ ಕೆಳಗೆ ಬಂಡೆ ಇದೆ ಅಂತಾರಲ್ಲ?"

"ಬಂಡೆ ಇಲ್ಲ. ಇವಳ ಪಕ್ಕ ನನಗೆ ಬೇಕು ಅಂತ ಸುಳ್ಳು ಹೇಳಿದ್ದೆ."

ಫಾದರ್ ತಲೆಯಾಡಿಸಿ ಚರ್ಚಿನ ಕಡೆ ಹೊರಟುಹೋದರು. ಅಜ್ಜ ಮೊದಲು ಹೆಂಡತಿಯ ಮೇಲಿನ ಹುಲ್ಲನ್ನೆಲ್ಲ ಕಿತ್ತ. ಆಮೇಲೆ ಗುದ್ದಲಿ ಹಿಡಿದು ಪಕ್ಕದ ನೆಲಕ್ಕೆ ಇಳಿದ. ಮಣ್ಣು ಮೆತ್ತಗಿತ್ತು.

"ಬೈಬೇಡ ಕಣೇ" ಎಂದ. "ಈ ಜಾಗಾನೂ ಊರಿಗೇ ಕೊಟ್ಟೆ."