ಮೇಘನಾಗೆ ಬೇಕಿದ್ದ ತಪ್ಪು

ಮೇಘನಾ, ಅವತ್ತು ಬೆಳಿಗ್ಗೆ ನಾನು ಊಟದ ಮೇಜಿಗೆ ಹೊಸ ಬಟ್ಟೆ ಹಾಸಿದ್ದು ನಿನಗೆ ಸುಳ್ಳು ಹೇಳುವುದಕ್ಕೆ. ಆಗ ಹಾಗೆಂದು ನನಗೆ ನಾನೇ ಒಪ್ಪಿಕೊಂಡಿರಲಿಲ್ಲ. ಅತಿಥಿ ಬರುತ್ತಾಳೆ, ಮೇಜು ಚೊಕ್ಕವಾಗಿರಲಿ — ಅಷ್ಟೇ ಅಂದುಕೊಂಡಿದ್ದೆ.

ಉಳಿದದ್ದೆಲ್ಲ ದಿನದ ಹಾಗೆಯೇ ನಡೆದಿತ್ತು. ಇವರು ಚಪಾತಿ ಡಬ್ಬಿಯನ್ನು ಚೀಲಕ್ಕೆ ತುರುಕಿಕೊಂಡು, ಅರ್ಧ ತಿಂದ ಬಾಳೆಹಣ್ಣನ್ನು ಕೈಯಲ್ಲೇ ಹಿಡಿದು ಟ್ಯೂಬ್ ರೈಲಿನ ಸ್ಟೇಷನ್ನಿನ ಕಡೆ ಓಡಿದರು. ಕೌನ್ಸಿಲ್ ಗಾಡಿ ಬಂದು ಕಸದ ಡಬ್ಬಗಳನ್ನು ಎಂದಿನಂತೆ ದಾರಿಗೆ ಅಡ್ಡವಾಗಿ ಬಿಟ್ಟು ಹೋಯಿತು. ಮಗಳು ಅನನ್ಯಾ ಶಾಲೆಗೆ ಹೊರಟವಳು ಬಾಗಿಲಲ್ಲಿ ಒಂದು ಕ್ಷಣ ನಿಂತು ನನ್ನನ್ನು ನೋಡಿದಳು. ನಾನು ನಿನಗೆಂದು ಕೋಡುಬಳೆಗೆ ಹಿಟ್ಟು ಕಲಸಿದೆ. ಎಣ್ಣೆ ಕಾಯುವಷ್ಟರಲ್ಲಿ ಫೋನು ತೆಗೆದು ಇನ್ನೊಮ್ಮೆ ಮಾಡಿ ನೋಡಿದೆ — ಮೂಲೆಯ ಮೂರು ಚುಕ್ಕೆ, ಆಮೇಲೆ ಫೋಟೋ ಸೇರಿಸುವ ಕ್ಲಿಪ್ಪಿನ ಗುರುತು, ಆಮೇಲೆ ಬರೀ ಅಂಕಿಗಳೇ ಹೆಸರಾಗಿರುವ ಫೋಟೋಗಳ ಸಾಲು, ಅದರಲ್ಲಿ ಮೇಲಿನದು. ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ ತುಟಿ ಅಲುಗಿಸುತ್ತಾ. ಎಣ್ಣೆ ಹೊಗೆಯಾಡುವವರೆಗೆ.

ನೀನು ಪಕ್ಕದ ಮನೆಯ ವಾಸಂತಿ ಅಕ್ಕನ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಬೆಂಗಳೂರಿನ ಹುಡುಗಿ. ಫೋನಿನಲ್ಲಿ ಇಮೇಲ್ ಕಳಿಸುವ ಆ್ಯಪ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ನಿನ್ನ ಕೆಲಸ. ಜನರ ಬೆರಳು ಮೊದಲು ಎಲ್ಲಿಗೆ ಹೋಗುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ನೋಡಿ ಪರದೆಯನ್ನು ರೂಪಿಸುವುದು — ಅದೂ ಒಂದು ಉದ್ಯೋಗವೆಂದು ನನಗೆ ತಿಳಿದದ್ದೇ ನಿನ್ನಿಂದ. ನಿಮ್ಮ ಆ್ಯಪನ್ನು ನನ್ನ ಫೋನಿಗೆ ಹಾಕಿಕೊಟ್ಟವಳೂ ನೀನೇ.

ಅವತ್ತಿಗೂ ಮುಂಚಿನ ದೀಪಾವಳಿಯಲ್ಲಿ, ಅದೇ ಆ್ಯಪಿನಿಂದ, ಅನನ್ಯಾ ರೇಷ್ಮೆ ಲಂಗ ಉಟ್ಟ ಫೋಟೋವನ್ನು ಮೈಸೂರಿನ ನನ್ನ ಅಕ್ಕನಿಗೆ ಕಳಿಸಲು ಹೊರಟಿದ್ದೆ. ಅಕ್ಕ ಆಗಿನ್ನೂ ಇಮೇಲ್ ಒಂದನ್ನೇ ನೋಡುತ್ತಿದ್ದಳು. ಉದ್ದಕ್ಕೆ ಪತ್ರ ಬರೆದೆ, ಫೋಟೋ ಎಲ್ಲಿಂದ ಸೇರಿಸುವುದೋ ಕಾಣಲಿಲ್ಲ. ಪತ್ರ ಬಿಟ್ಟು ಹೊರಗೆ ಬಂದು, ಫೋಟೋ ಇರುವಲ್ಲಿಗೆ ಹೋಗಿ, ಅದನ್ನು ಒತ್ತಿದರೆ — ಬೇರೊಂದು ಖಾಲಿ ಪತ್ರ ತೆರೆದುಕೊಂಡಿತು. ಬರೆದದ್ದು ಎಲ್ಲಿ ಹೋಯಿತೋ! ಮತ್ತೆ ಬರೆದೆ, ಮತ್ತೆ ಕಳೆದೆ. ಯಾರಿಗೂ ಹೇಳಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ನಿನ್ನನ್ನು ಕರೆದೆ.

ನೀನು ಫೋನನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. “ನೀವೇ ಮಾಡಿ ಆಂಟಿ, ನಾನು ನೋಡ್ತೀನಿ” ಎಂದು ಪಕ್ಕದಲ್ಲಿ ಕುಳಿತೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಉತ್ತರ ಬಾರದವಳನ್ನು ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಡೀ ತರಗತಿ ಅವಳ ಕಾಲುಚೀಲವನ್ನೇ ನೋಡುತ್ತಿತ್ತು. ನನಗೆ ಬಾರದ್ದನ್ನು ಅಷ್ಟು ಮರ್ಯಾದೆಯಿಂದ ನೋಡಿದವಳು ನೀನೊಬ್ಬಳೇ, ಮೇಘನಾ. ಅದನ್ನು ನೆನೆದರೆ ಈಗಲೂ —

ನನ್ನ ಆ ಒದ್ದಾಟದಿಂದಲೇ ನಿನಗೆ ಹೊಸ ಯೋಚನೆ ಹುಟ್ಟಿತು. ಬರೆಯುತ್ತಿರುವ ಪತ್ರದ ಕೆಳಗೇ ಇತ್ತೀಚಿನ ಫೋಟೋಗಳು ಸಾಲಾಗಿ ಕಾಣಬೇಕು. ಬೇಕಾದ್ದನ್ನು ಮುಟ್ಟಿದರೆ ಪತ್ರದೊಳಗೆ ಬಂದು ಕೂರಬೇಕು. ಚುಕ್ಕೆ ಬೇಡ, ಕ್ಲಿಪ್ಪು ಬೇಡ, ಹೊರಗೆ ಹೋಗುವುದೇ ಬೇಡ. ನೀನು ಹಾಲಿನ ಬಿಲ್ಲಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದ್ದೆ. ನಿನ್ನ ಬಾಸ್ ಒಪ್ಪಲಿಲ್ಲ. ಕ್ಲಿಪ್ಪಿನ ಗುರುತು ಯಾರಿಗೆ ಗೊತ್ತಿಲ್ಲ, ಅದರಲ್ಲಿ ಸಿಕ್ಕಿಕೊಳ್ಳುವವರನ್ನು ತೋರಿಸು ನೋಡೋಣ, ಅಂದರಂತೆ.

ನೀನು ಆ ಮಾತನ್ನೇ ಹಿಡಿದುಕೊಂಡು ಕುಣಿಯುತ್ತಾ ಅಡುಗೆಮನೆಗೆ ಬಂದೆ.

“ಆಂಟಿ, ನಮ್ಮ ಆಫೀಸಲ್ಲಿ ಎಲ್ರಿಗೂ ನೀವು ಗೊತ್ತು! ನಮ್ಮ ಏರಿಯಾ ಹೆಸರು ಸೇರಿಸಿ ‘ರೇನರ್ಸ್ ಲೇನ್ ಆಂಟಿ’ ಅಂತಾನೇ ಹೇಳ್ತಾರೆ. ಅವತ್ತು ಹೇಗೆ ಮಾಡಿದ್ರೋ ಹಾಗೇ ಇನ್ನೊಂದ್ಸಲ ಮಾಡ್ಬಿಡಿ, ಅಷ್ಟೆ. ನಿಮ್ಮ ಕೈ ಮಾತ್ರ ವಿಡಿಯೋ ತೊಗೋತೀನಿ. ಅದನ್ನ ನೋಡಿದ್ರೆ ಬಾಸ್ ಒಪ್ಕೋತಾರೆ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಈ ಕೆಲಸ ನನ್ ಕೈ ತಪ್ಪಿ ಹೋಗತ್ತೆ.”

ಕೊನೆಯ ಮಾತು ನನ್ನ ಕಿವಿಗೆ ಬಿತ್ತು. ಬೀಳಲಿಲ್ಲ ಎಂದು ಹೇಳಲಾರೆ. ಆದರೆ ಮನಸ್ಸಿನಲ್ಲಿ ನಿಂತದ್ದು ಮೊದಲಿನದು. ನಾನು ಕಂಡೇ ಇಲ್ಲದ ಆಫೀಸಿನಲ್ಲಿ, ನಾನು ಕಂಡೇ ಇಲ್ಲದ ಜನರಿಗೆ, ನಾನು ‘ಬಾರದವಳು’ ಎಂದು ಗೊತ್ತು. ಇನ್ನು ನನ್ನ ಬೆರಳು ತಡವರಿಸುವುದನ್ನೂ ಅವರೆಲ್ಲ ಕುಳಿತು ನೋಡುತ್ತಾರೆ... ಮತ್ತೆ ಬೆಂಚು ಹತ್ತಿದ ಹಾಗಾಯಿತು.

ಮಾರನೆಯ ಸಂಜೆ ಅನನ್ಯಾಳನ್ನು ಹೋಮ್‌ವರ್ಕಿನಿಂದ ಎಬ್ಬಿಸಿದೆ. ಹೇಳಿಕೊಡು ಎಂದೆ. ಅವಳು ಕಣ್ಣರಳಿಸಿ, “ಬಟ್ ಮಮ್, ಮೇಘನಾ ಅಕ್ಕ ನೀನು ಸ್ಟಕ್ ಆಗೋದನ್ನೇ ನೋಡ್ಬೇಕು ಅಂದ್ರಲ್ಲ? ಇಟ್ಸ್ ನಾಟ್ ಆ್ಯನ್ ಎಗ್ಸಾಮ್!” ಎಂದಳು.

“ಸುಮ್ನೆ ಹೇಳ್ಕೊಡು. ಅಕ್ಕಂಗೆ ಹೇಳೋದೇನೂ ಬೇಡ.”

ಸುಳ್ಳು ಹೇಳಬಾರದು ಎಂದು ನಾನೇ ಕಲಿಸಿದ ಮಗು. ಬೆರಳಿಟ್ಟು ತೋರಿಸಿಕೊಟ್ಟಳು, ಬಾಯಿಪಾಠವಾಗುವವರೆಗೆ ನಾನೂ ಬಿಡಲಿಲ್ಲ. ನೀನು ಬರುವ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅವಳು ನನ್ನನ್ನು ನೋಡಿದ್ದು ಅದಕ್ಕೇ.

ನೀನು ಬಂದೆ. ಪುಟ್ಟ ಕ್ಯಾಮೆರಾವನ್ನು ಪುಸ್ತಕಗಳ ಮೇಲೆ ಇಟ್ಟು, ಅದು ನನ್ನ ಬೆರಳುಗಳ ಕಡೆ ತಿರುಗುವಂತೆ ಮಾಡಿದೆ. ಪೂಜೆಯ ಮಂತ್ರದಷ್ಟು ಶ್ರದ್ಧೆಯಿಂದ ನಿನ್ನ ಮಾತು ಹೇಳಿದೆ: “ಆಂಟಿ, ನಾನು ಪರೀಕ್ಷೆ ಮಾಡ್ತಿರೋದು ನಿಮ್ಮನ್ನಲ್ಲ, ಈ ಆ್ಯಪನ್ನ. ನಿಮಗೆ ಬರ್ಲಿಲ್ಲ ಅಂದ್ರೆ ತಪ್ಪು ಅದರದ್ದು. ಮನಸ್ಸಿಗೆ ಬಂದಿದ್ದನ್ನ ಜೋರಾಗಿ ಹೇಳ್ತಾ ಮಾಡಿ.”

ನನ್ನ ಬೆರಳು ಪಾಠ ಒಪ್ಪಿಸಿತು. ಚುಕ್ಕೆ, ಕ್ಲಿಪ್ಪು, ಸಾಲು, ಮೇಲಿನದು. ನಮ್ಮ ಕಿಟಕಿಯ ತುಳಸಿಯ ಫೋಟೋ ಅಕ್ಕನಿಗೆ ಬರೆದ ಪತ್ರದಲ್ಲಿ ಕುಳಿತಿತ್ತು. ತಲೆಯೆತ್ತಿ ನೋಡಿದೆ — ಶಾಭಾಷ್‌ಗೆ ಕಾಯುವ ಹಾಗೆ. ನಿನ್ನ ಪೆನ್ನಿನ ಮುಚ್ಚಳ ಇನ್ನೂ ತೆಗೆದೇ ಇರಲಿಲ್ಲ.

“ಆಂಟಿ...” ನೀನು ನಗಲು ನೋಡಿದೆ. “ಯಾರಾದ್ರೂ ಹೇಳ್ಕೊಟ್ರಾ?”

“ಇಲ್ವಲ್ಲಮ್ಮ. ಅದಾಗದೇ ಬಂತು.”

ಅಷ್ಟೇ ಮಾತು. ಅದನ್ನು ಹೇಳುವಾಗ ನಾನು ಕೋಡುಬಳೆಯ ತಟ್ಟೆಯನ್ನು ನಿನ್ನ ಕಡೆ ಸರಿಸಿದೆ.

ಆಮೇಲೆ ನೀನು ರೂಪಿಸಿದ್ದ ಹೊಸ ಮಾದರಿಯನ್ನು ನನ್ನ ಕೈಗೆ ಕೊಟ್ಟೆ. ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಪತ್ರದ ಕೆಳಗೆ ತುಳಸಿ ಕಂಡದ್ದೇ ತಡ, ಬೆರಳು ತಾನಾಗಿ ಹೋಯಿತು. ಒಳಗೆ ಎಂಥ ಖುಷಿಯಾಯಿತು ಗೊತ್ತಾ? ಇದು ನನಗೆಂದೇ ಮಾಡಿದ್ದು ಅನ್ನಿಸಿತು. ಆ ಖುಷಿಯನ್ನು ಮುಖದ ಮೇಲೆ ಬರಗೊಡಲಿಲ್ಲ. ಹೊಸದನ್ನು ಹೊಗಳಿದರೆ ಹಳೆಯದು ಕಷ್ಟವಿತ್ತು ಎಂದಾಗುತ್ತದಲ್ಲ. “ಇದೂ ಚೆನ್ನಾಗಿದೆ. ಆದ್ರೆ ಹಳೇದೇ ಸಾಕಿತ್ತೇನೋ ಮೇಘನಾ” ಅಂದೆ. ಕ್ಯಾಮೆರಾ ಅದನ್ನೂ ಹಿಡಿದುಕೊಂಡಿತು. ಮೊದಲ ಸುಳ್ಳಿಗೆ ಭಯ ಕಾರಣ ಎಂದಾದರೂ ಹೇಳಬಹುದು. ಇದಕ್ಕೆ ಏನು ಹೇಳಲಿ? ಹುಡುಕಿದ್ದೇನೆ, ಸಿಕ್ಕಿಲ್ಲ.

ನೀನು ಒಂದು ಕೋಡುಬಳೆಯನ್ನು ಮುರಿದು, ಅರ್ಧ ತಿಂದು, ಉಳಿದರ್ಧವನ್ನು ಟಿಶ್ಯೂವಿನಲ್ಲಿ ಸುತ್ತಿಕೊಂಡು ಹೋದೆ.

ಆ ವಿಡಿಯೋವನ್ನು ಆಫೀಸಿನಲ್ಲಿ ತೋರಿಸಿದೆಯಂತೆ. ಬಚ್ಚಿಡಬಹುದಿತ್ತು, ನೀನು ಬಚ್ಚಿಡುವವಳಲ್ಲ. ನೋಡು, ನಿನ್ನ ಆಂಟಿಗೇ ಬರುತ್ತದಲ್ಲ ಎಂದು ಬಾಸ್ ನಕ್ಕರಂತೆ. ಆ ಕೆಲಸವನ್ನು ಬೇರೆಯವರಿಗೆ ಕೊಟ್ಟು, ನಿನ್ನನ್ನು ಬಣ್ಣ, ಅಕ್ಷರ ತಿದ್ದುವುದಕ್ಕೆ ಹಾಕಿದರು. ಆ್ಯಪಿನಲ್ಲಿ ಕ್ಲಿಪ್ಪು ಚುಕ್ಕೆಗಳ ಹಿಂದೆಯೇ ಉಳಿಯಿತು. ನೀನು ಲೀಡ್ಸ್ ಊರಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೊರಟ ದಿನ ಅದೇ ಕುರ್ಚಿಯಲ್ಲಿ ಕುಳಿತು, “ಜನರನ್ನ ಓದಕ್ಕೆ ಬರತ್ತೆ ಅಂದ್ಕೊಂಡಿದ್ದೆ ಆಂಟಿ. ಬರಲ್ಲ ಅಂತ ಗೊತ್ತಾಯ್ತು” ಅಂದೆ. ಆಗಲಾದರೂ ಬಾಯಿಬಿಡಬಹುದಿತ್ತು. ನಾನು ಎದ್ದು ಹೋಗಿ ಚಟ್ನಿಪುಡಿ ಕಟ್ಟಿ ತಂದುಕೊಟ್ಟೆ. ಎರಡು ಕವರು ಹಾಕಿ, ಸೋರದ ಹಾಗೆ.

ನಿನಗೆ ಓದಲು ಬರುತ್ತಿತ್ತು, ಮೇಘನಾ. ನಾನು ಬೇರೆ ಪುಟ ತೆರೆದು ತೋರಿಸಿದ್ದೆ.

ಇದನ್ನು ಮೊದಲು ಅನನ್ಯಾಳ ಮುಂದೆ ಹೇಳಿದೆ. ದೊಡ್ಡವಳಾಗಿದ್ದಾಳೆ, “ಐ ರಿಮೆಂಬರ್, ಮಮ್” ಎಂದಳಷ್ಟೇ. ಈಗ ನಿನಗೆ. ಕ್ಷಮಿಸು ಎಂದು ಕೇಳುವುದಿಲ್ಲ — ಕೇಳಿದರೆ ನೀನು “ಅಯ್ಯೋ ಬಿಡಿ ಆಂಟಿ” ಅಂದುಬಿಡುತ್ತೀಯ, ನನಗೆ ಅದು ತೀರಾ ಸುಲಭವಾಗುತ್ತದೆ. ಬೇಕಿದ್ದರೆ ನಿನ್ನ ಹಳೆಯ ಬಾಸ್‌ಗೂ ನಾನೇ ಬರೆಯುತ್ತೇನೆ, ನನ್ನ ಹೆಸರು ಹಾಕಿ.

ಒಂದು ಉಳಿದಿದೆ. ನೀನು ವಿಡಿಯೋ ತೆಗೆದುಕೊಂಡು ಹೋದ ಅದೇ ಸಂಜೆ ನಾನು ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಇನ್ನೂ ಬೆಳಕಿತ್ತು. ಬೇಲಿಯಾಚೆ ವಾಸಂತಿ ಅಕ್ಕ ಕುಂಡದ ಮುಂದೆ ಫೋನು ಹಿಡಿದು ಬಗ್ಗಿದ್ದರು. ಉಡುಪಿಯಿಂದ ತಂದು, ಚಳಿಗಾಲವಿಡೀ ಮನೆಯೊಳಗೆ ಇಟ್ಟು ಸಾಕಿದ ಮಲ್ಲಿಗೆ ಅವತ್ತು ಮೊದಲ ಸಲ ಹೂ ಬಿಟ್ಟಿತ್ತು. ಅದರ ಫೋಟೋವನ್ನು ಊರಿನ ಅಣ್ಣನಿಗೆ ಇಮೇಲ್ ಮಾಡಬೇಕೆಂದು ಮಧ್ಯಾಹ್ನದಿಂದ ಒದ್ದಾಡಿದ್ದರಂತೆ. ನೀನು ಹಾಕಿಕೊಟ್ಟ ಅದೇ ಆ್ಯಪು. ನನ್ನನ್ನು ಕಂಡು ಫೋನನ್ನು ಸೀರೆಯ ಸೆರಗಿಗೆ ಒರೆಸಿಕೊಂಡರು. ನಾನು ಬೇಲಿಯ ಮೇಲಿಂದ ಕೈ ಚಾಚಿದೆ, ತೋರಿಸಿಕೊಡುವ ಹಾಗೆ. ಅವರು ಫೋನು ಕೊಡಲಿಲ್ಲ. ನಕ್ಕು, ನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಹೋಗುತ್ತಾ ಅಂದರು:

“ಬೇಡ ಬಿಡು ಸುಧಾ. ನೀನು ಕಣ್ಣು ಮುಚ್ಚಿ ಕಳಿಸ್ತಿ ಅಂತ ಮೇಘನಾ ಹೇಳಿದ್ಳು. ನಾನು ಇಷ್ಟು ದಿನ ನಮ್ಮಿಬ್ಬರಿಗೂ ಆಗುದಿಲ್ಲ ಅಂತ ಎಣಿಸಿದ್ದೆ ಮಾರಾಯ್ತಿ — ಹಾಗಾದ್ರೆ ದಡ್ಡಿ ನಾನೊಬ್ಳೇ ಅಂತಾಯ್ತು.”