ಕಡಲಪಾಚಿಯ ಪುಡಿ, ಬೋರ್‌ವೆಲ್ ನೀರು

ಮೊನ್ನೆ ಸೊಸೆ ಸೂಪಿಗೆಂದು ಒಣಗಿದ ಕಡಲಪಾಚಿಯ ಪೊಟ್ಟಣ ತಂದು ನೀರಿಗೆ ಹಾಕಿದಳು. ಕಂದು ಪಟ್ಟಿಗಳು ಉಬ್ಬಿಕೊಂಡು ಅಡುಗೆಮನೆಯೆಲ್ಲ ಸಮುದ್ರದ ವಾಸನೆ. ಎಂಬತ್ತರ ದಶಕದಲ್ಲಿ, ರಾಜಾಜಿನಗರದ ನಮ್ಮ ಪಕ್ಕದ ಮನೆ ಟೀಚರಮ್ಮನ ಹಿತ್ತಲಿನಲ್ಲಿ ಇದೇ ವಾಸನೆ ಇರುತ್ತಿತ್ತು…

ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿ ರಿಟೈರಾಗಿದ್ದ ಒಂಟಿ ಹೆಂಗಸು. ರಾಮೇಶ್ವರದ ಕಡೆಯಿಂದ ಮೂಟೆಯಲ್ಲಿ ಪಾಚಿ ತರಿಸಿ, ವಾಷಿಂಗ್ ಸೋಡಾ ಹಾಕಿ ಕುದಿಸಿ, ಹಳೇ ಪಂಚೆಯಲ್ಲಿ ಸೋಸಿ, ಅದರ ಅಂಟನ್ನು ಬೇರ್ಪಡಿಸಿ ಒಣಗಿಸಿ ಪುಡಿ ಮಾಡುತ್ತಿದ್ದರು.

"ಅಯೋಡಿನ್, ಪೊಟ್ಯಾಸಿಯಂ ಎಲ್ಲಾ ಇದೆ ಕಣೋ ಇದ್ರಲ್ಲಿ. ಆದ್ರೆ ಬೆಲೆ ಇರೋದು ಈ ಅಂಟಿಗೆ, ಆಲ್ಜಿನೇಟ್‌ಗೆ. ಐಸ್‌ಕ್ರೀಮಿಗೂ ಹಾಕ್ತಾರೆ, ನಿನ್ನ ಸೀರೆ ಪ್ರಿಂಟಿಂಗ್ ಬಣ್ಣಕ್ಕೂ ಆಗುತ್ತೆ."

"ಮೊದ್ಲು ವಾಸನೆ ಹೋಗ್ಸಿ ಟೀಚರ್. ಬೀದಿ ಬೆಕ್ಕುಗಳೆಲ್ಲ ಮೀನು ಅಂದ್ಕೊಂಡು ನಿಮ್ಮನೆ ಕಾಯ್ತಾ ಕೂತಿವೆ," ಎಂದು ರೇಗಿಸುತ್ತಿದ್ದೆ.

ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನದೊಂದು ಸೀರೆ ಪ್ರಿಂಟಿಂಗ್ ಶೆಡ್ ಇತ್ತು. ಬಣ್ಣ ಹರಡದಂತೆ ಗಟ್ಟಿ ಮಾಡಲು ಅಂಥದೇ ಪುಡಿಯನ್ನು ಬೊಂಬಾಯಿಯಿಂದ ತರಿಸುತ್ತಿದ್ದೆ. ತಮ್ಮ ಪುಡಿ ನನ್ನ ಶೆಡ್ಡಿನಲ್ಲಿ ಪಾಸಾದರೆ ಹಿತ್ತಲಲ್ಲೇ ಸಣ್ಣ ಯೂನಿಟ್ ಹಾಕಬೇಕೆಂಬುದು ಅವರ ಆಸೆ. ಅದಕ್ಕಾಗಿ ಟ್ಯೂಷನ್ ಕೂಡ ನಿಲ್ಲಿಸಿದ್ದರು. ಡಬ್ಬ ಕೊಡುವಾಗ ಹೇಳಿದ್ದು ಒಂದೇ ಮಾತು: "ಕಾವೇರಿ ನೀರಲ್ಲೇ ಕಲಸಪ್ಪ."

ಆ ದಿನ ನಲ್ಲಿಯಲ್ಲಿ ಕಾವೇರಿ ನೀರು ಬರಲಿಲ್ಲ. ಪ್ರಿಂಟಿಂಗ್ ಟೇಬಲ್ ಖಾಲಿ ಬಿಡುವ ಜಾಯಮಾನ ನನ್ನದಲ್ಲ. ನೀರು ಯಾವುದಾದರೇನು ಎಂದು ಹೊಸದಾಗಿ ಕೊರೆಸಿದ್ದ ಬೋರ್‌ವೆಲ್‌ನದನ್ನೇ ಹಾಕಿಸಿದೆ. ಪುಡಿ ಸಾಬಕ್ಕಿಯಂತೆ ಗಂಟುಗಂಟಾಯಿತು. ಸೀರೆಯ ಮೇಲೆ ಬಣ್ಣ ತೇಪೆತೇಪೆ.

ಸಂಜೆ ಬಂದ ಟೀಚರಮ್ಮ ಒಂದು ಗಂಟನ್ನು ಬೆರಳಲ್ಲಿ ಹಿಸುಕಿ, "ಯಾವ ನೀರು ಹಾಕ್ದೆ?" ಎಂದರು.

ಕೆಲಸದವರೆಲ್ಲ ನನ್ನನ್ನೇ ನೋಡುತ್ತಿದ್ದರು. "ನಲ್ಲೀದೇ ಟೀಚರ್. ನಿಮ್ ಪುಡಿ ಲ್ಯಾಬಿಗೆ ಸರಿ, ಮಾರ್ಕೆಟ್ಟಿಗಲ್ಲ," ಎಂದುಬಿಟ್ಟೆ.

ಅವರು ನಂಬಿದರು. "ಹಾಗಾದ್ರೆ ನಂದೇ ಎಲ್ಲೋ ತಪ್ಪಾಗಿದೆ," ಎಂದು ಡಬ್ಬ ಎತ್ತಿಕೊಂಡು ಹೊರಟರು. ಆಮೇಲೆ ಹಿತ್ತಲಲ್ಲಿ ಒಲೆ ಹತ್ತಲಿಲ್ಲ…

ಎರಡು ವರ್ಷದ ಮೇಲೆ ಮತ್ತೆ ನಲ್ಲಿ ಕೈಕೊಟ್ಟ ದಿನ ಬೋರ್ ನೀರಲ್ಲಿ ಕಲಸಿದ ಬೊಂಬಾಯಿ ಪುಡಿಯೂ ಹಾಗೆಯೇ ಗಂಟಾಯಿತು. ಜಗಳಕ್ಕೆ ನಿಂತೆ. ಪುಡಿ ಮಾರುವವನು ನಕ್ಕ. "ಬೋರ್ ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಸಾರ್, ಆಲ್ಜಿನೇಟ್ ಗಂಟು ಕಟ್ಟುತ್ತೆ. ನಿಮ್ಗೆ ಯಾರೂ ಹೇಳಿರ್ಲಿಲ್ವಾ?"

ಹೇಳಿದ್ದರು. ಅಷ್ಟರಲ್ಲಿ ಟೀಚರಮ್ಮ ತೀರಿಕೊಂಡು ಆರು ತಿಂಗಳಾಗಿತ್ತು.

ಈಗಲೂ ಹೊಸದಾಗಿ ಶೆಡ್ ಹಾಕುವವರು ಸಲಹೆ ಕೇಳಿಕೊಂಡು ಬರುತ್ತಾರೆ. ಚೌಕಾಸಿಯ ಪಟ್ಟುಗಳನ್ನೆಲ್ಲ ಹೇಳಿಕೊಡುತ್ತೇನೆ. ಮಾಲು ಕೆಟ್ಟರೆ ಮೊದಲು ನೀವೇನು ಮಾಡಿದಿರಿ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ ಎಂದೂ ಹೇಳುತ್ತೇನೆ. ಯಾಕೆಂದು ಮಾತ್ರ ಹೇಳುವುದಿಲ್ಲ.

"ಮಾವ, ವಾಸನೆ ಜಾಸ್ತಿ ಆಯ್ತಾ? ಕಿಟಕಿ ತೆಗೀಲಾ?" ಎಂದಳು ಸೊಸೆ.

"ಬೇಡಮ್ಮ," ಎಂದೆ.