ಒಂಬತ್ತನೆಯ ಬೆಳಗು

ನಮ್ಮ ಪ್ಯಾಕಿಂಗ್ ಲೈನ್‌ನ ಮರಿಸೆಲ್‌ಗೆ ಡಿಸೆಂಬರ್ ಇಪ್ಪತ್ತೈದಕ್ಕೆ ರಜೆ ಕೊಟ್ಟು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. (ಸೀಸನ್‌ನಲ್ಲಿ ಒಂದು ದಿನ ರಜೆ ಅಂದರೆ ಸುಮ್ಮನೆಯಾ?) ಮರುದಿನವೇ ನಮ್ಮ ಸ್ಟೋರ್‌ಕೀಪರ್ ಅಶ್ರಫ್ ಬಂದು ನನ್ನ ಜಂಬ ಇಳಿಸಿದ.

"ಎಂತ ಮೇಡಂ ನೀವು! ನಾಳೆ ಇಪ್ಪತ್ನಾಲ್ಕಕ್ಕೆ ಅವಳಿಗೆ ಬೆಳಿಗ್ಗೆ ಐದರ ಶಿಫ್ಟ್ ಹಾಕಿದ್ದೀರಲ್ಲ?"

"ಕಂಟೇನರ್ ಬರ್ತದಲ್ಲ. ಹಬ್ಬ ಇರುವುದು ಇಪ್ಪತ್ತೈದಕ್ಕೆ ತಾನೇ?"

"ಅದು ನಮ್ಮ ಕ್ಯಾಲೆಂಡರಲ್ಲಿ. ಅವಳಿಗೆ ಹದಿನಾರಕ್ಕೇ ಶುರುವಾಗಿದೆ ಮಾರಾಯ್ರೆ!"

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಮಸಾಲೆ ಪ್ಯಾಕಿಂಗ್ ಗೋದಾಮು ನಮ್ಮದು. ಡ್ಯೂಟಿ ಪಟ್ಟಿ ಬರೆಯುವವಳು ನಾನು, ಪ್ಯಾಕಿಂಗ್ ಲೈನ್‌ನ ಹುಡುಗಿಯರೆಲ್ಲ ಫಿಲಿಪೀನ್ಸ್‌ನವರು. ಕ್ರಿಸ್ಮಸ್‌ಗೆಂದು ಸೆಪ್ಟೆಂಬರ್ ಒಂದಕ್ಕೇ ನಕ್ಷತ್ರದ ಗೂಡುದೀಪ ತೂಗುಹಾಕುವ ಜನ. (ನಮ್ಮ ಚೌತಿಯ ಕಡುಬಿಗೇ ಇನ್ನೂ ಅಕ್ಕಿ ನೆನೆಸಿರುವುದಿಲ್ಲ!) ಅದಕ್ಕೆ ನಾನು ಎಷ್ಟು ತಮಾಷೆ ಮಾಡಿದ್ದೇನೆ.

ಆದರೆ ಈ ಒಂಬತ್ತು ಬೆಳಗಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಹದಿನಾರರಿಂದ ಇಪ್ಪತ್ನಾಲ್ಕರವರೆಗೆ, ದಿನಾ ಸೂರ್ಯ ಹುಟ್ಟುವ ಮೊದಲು ಚರ್ಚ್‌ಗೆ ಹೋಗಬೇಕು. ಒಂದೂ ತಪ್ಪಿಸದೆ ಒಂಬತ್ತೂ ಮುಗಿಸಿದರೆ ಕೇಳಿಕೊಂಡದ್ದು ಆಗುತ್ತದಂತೆ. ಮರಿಸೆಲ್ ಎಂಟು ಮುಗಿಸಿದ್ದಳು. ದಿನಾ ಚರ್ಚ್ ಗೇಟಿನಿಂದ ಅವಳಿಗೆ ಕಾರ್ ಲಿಫ್ಟ್ ಕೊಡುತ್ತಿದ್ದವನು ಈ ಅಶ್ರಫ್. ಕೆಲಸದ ಮಧ್ಯೆ ಆಕಳಿಸಿದ್ದಕ್ಕೆ ಅವಳನ್ನು ಗದರಿಸಿದವಳು ನಾನು.

ಶಿಫ್ಟ್ ಹೇಳಿದಾಗ ಅವಳು ಬಾಯಿಬಿಟ್ಟು ಹೇಳಬಾರದಿತ್ತೇ? "ಓಕೆ ಮೇಡಂ" ಅಂದಳು, ಅಷ್ಟೇ. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಹದಿನಾರು ಸೋಮವಾರದ ವ್ರತ ಹಿಡಿದವಳು ನಾನು. ಹದಿನೈದು ಮುಗಿಸಿದ ಮೇಲೆ ಯಾರಾದರೂ ಹೀಗೆ ಅಡ್ಡ ಬಂದಿದ್ದರೆ ಸುಮ್ಮನೆ ಬಿಡುತ್ತಿದ್ದೆನಾ?

"ಖಲಾಸ್, ಮಾತು ಮುಗೀತು, ಅವಳ ಶಿಫ್ಟ್‌ಗೆ ನಾನು ನಿಲ್ತೇನೆ" ಅಂದೆ ಅಶ್ರಫ್‌ಗೆ. ಇಪ್ಪತ್ನಾಲ್ಕರ ಬೆಳಿಗ್ಗೆ ಐದಕ್ಕೆ ತಲೆಗೆ ಟೋಪಿ ಹಾಕಿ ಲೈನ್‌ನಲ್ಲಿ ನಿಂತೆ. ಮೆಣಸಿನ ಪುಡಿಗೆ ಸೀನಿ ಸೀನಿ ಸಾಕಾಯಿತು.

ಎಂಟು ಗಂಟೆಗೆ ಮರಿಸೆಲ್ ಬಂದಳು. ಕೈಯಲ್ಲಿ ಬಾಳೆಲೆಯ ಮೇಲೆ ಬೇಯಿಸಿದ ಅಕ್ಕಿ–ತೆಂಗಿನ ಸಿಹಿ ರೊಟ್ಟಿ, ಇನ್ನೂ ಬಿಸಿಬಿಸಿ. ಬೆಳಗಿನ ಪೂಜೆ ಮುಗಿದ ಮೇಲೆ ಅವರು ತಿನ್ನುವುದು ಇದನ್ನೇ ಅಂತೆ. ವಾಸನೆಗೇ ನನಗೆ ಉಡುಪಿಯ ನಮ್ಮ ಅಡುಗೆಮನೆ ನೆನಪಾಯಿತು.

"ಒಂಬತ್ತೂ ಆಯಿತಲ್ಲ, ಏನು ಕೇಳಿಕೊಂಡೆ?" ಎಂದೆ.

ಅವಳು ರೊಟ್ಟಿಯನ್ನು ನನ್ನ ಮುಂದಿಟ್ಟಳು. ಆಮೇಲೆ ನೆಲ ನೋಡುತ್ತಾ ಅಂದಳು: "ಮುಂದಿನ ಕ್ರಿಸ್ಮಸ್‌ಗೆ ಮನೆಯಲ್ಲಿರಬೇಕು ಮೇಡಂ. ಮಗಳಿಗೆ ಎಂಟು ವರ್ಷ. ಹಬ್ಬದ ಊಟಕ್ಕೆ ಅವಳ ಜೊತೆ ಕೂತು ಐದು ವರ್ಷ ಆಯಿತು."

'ಡಿಸೆಂಬರ್‌ನಲ್ಲಿ ಯಾರಿಗೂ ಊರಿಗೆ ರಜೆ ಇಲ್ಲ' ಎಂಬ ನೋಟಿಸ್ ಅವಳ ಬೆನ್ನ ಹಿಂದಿನ ಗೋಡೆಯಲ್ಲೇ ಇತ್ತು. ಕೆಳಗಿನ ಸಹಿ ನನ್ನದು. ಕಿತ್ತು ಹಾಕಿದೆ.

ದೇವರನ್ನು ಒಂಬತ್ತು ಬೆಳಗು ಕೇಳಿದವಳಿಗೆ ನನ್ನನ್ನು ಒಂದೇ ಒಂದು ಸಲ ಕೇಳುವ ಧೈರ್ಯ ಬಂದಿರಲಿಲ್ಲವಲ್ಲ, ನಾನೇನು ದೇವರಿಗಿಂತ ದೊಡ್ಡವಳೇ?